ಬೆನ್ನ ಕೆಳಗಿನ ಚಳಿ



ಕೆಲವು ವರ್ಷಗಳ ಹಿಂದೆ ಧನು ತಿಂಗಳ ಒಂದು ರಾತ್ರಿ, ಎರಡೂವರೆ ಗಂಟೆಗೆ, ನಮ್ಮ ತೋಟದ ಮೇಲಿನ ಗುಡ್ಡದಿಂದ ಟಾರ್ಚ್ ಹಿಡಿದುಕೊಂಡು ಮನೆಗೆ ಇಳಿದು ಬಂದೆ. ಹಲ್ಲು ಕಟಕಟ ಹೊಡೆದುಕೊಳ್ಳುತ್ತಿತ್ತು. ಬಾಗಿಲು ತೆರೆದ ಅಜ್ಜಿ ಒಂದು ಮಾತೂ ಕೇಳಲಿಲ್ಲ. ಬಚ್ಚಲೊಲೆಯ ಬೂದಿ ಕೆದಕಿ ಕೆಂಡ ಮೇಲೆ ತಂದರು, ಒಣಗಿದ ಕೊತ್ತಳಿಗೆ ಇಟ್ಟು ಊದಿದರು. ಉರಿ ಹತ್ತಿದ ಮೇಲೆ, "ಬೆಂಕಿಗೆ ಬೆನ್ನು ಹಾಕಿ ಕೂತ್ಕೊ" ಎಂದರು. ಮೂರು ಹೊದಿಕೆ ಹೊದ್ದುಕೊಂಡೇ ಮಲಗಿದ್ದವನು ನಾನು. ಅಷ್ಟಾದರೂ ಚಳಿ ಹಿಡಿದದ್ದು ಬೆನ್ನಿಗೆ ಎಂದು ಅವರಿಗೆ ಹೇಗೆ ಗೊತ್ತಾಯಿತು ಎನ್ನುವುದು ಬೆನ್ನು ಬಿಸಿಯಾದ ಮೇಲಷ್ಟೇ ನನ್ನ ತಲೆಗೆ ಬಂತು. ಕೇಳಿದೆ. "ತೊಟ್ಟಿಲ ಮಕ್ಕಳಿಗೆ ಚಳಿ ಅಡಿಯಿಂದ ಬರುವುದಲ್ವಾ. ನಿಂಗೂ ಅಡಿಗೆ ಎರಡು ಸೀರೆ ಮಡಚಿ ಹಾಸಿಯೇ ಮಲಗಿಸ್ತಿದ್ದದ್ದು" ಎಂದರು.

ಆ ರಾತ್ರಿ ನಾನು ಮಲಗಿದ್ದದ್ದು ಜೋಲಿಯಲ್ಲಿ. ಎರಡು ಮರಗಳ ನಡುವೆ ಬಟ್ಟೆ ಕಟ್ಟಿ, ಚಳಿಗಾಲದ ಒಂದು ಇಡೀ ರಾತ್ರಿಯನ್ನು ಒಬ್ಬನೇ ಹೊರಗೆ ಕಳೆಯಬೇಕು ಎನ್ನುವುದು ಬಹಳ ದಿನಗಳ ಆಸೆ. ಮೊದಲ ಸಲ ಅರ್ಧ ರಾತ್ರಿಗೇ ಇಳಿದು ಬಂದೆ. ಆಮೇಲೆ ಪ್ರತಿ ಚಳಿಗಾಲದಲ್ಲೂ ನಾಲ್ಕೈದು ರಾತ್ರಿ ಅಲ್ಲೇ ಮಲಗಿ ಬೆಳಗು ಮಾಡಿದ್ದೇನೆ. ಆ ರಾತ್ರಿಗಳಲ್ಲಿ ಕಲಿತದ್ದನ್ನು ನಿಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ.

ನಮ್ಮ ಊರು ಮರ್ಕಂಜ ಸುಳ್ಯ ತಾಲೂಕಿನಲ್ಲಿ, ಘಟ್ಟದ ಬುಡದಲ್ಲಿದೆ. ನಮ್ಮ ಕಡೆಯ ನೆಲದ ರೀತಿ ನಿಮಗೆ ಗೊತ್ತಿರುವಂಥದ್ದೇ: ತಗ್ಗಿನಲ್ಲಿ ತೋಡು, ತೋಡಿನ ಬದಿಗೆ ಅಡಿಕೆ ತೋಟ, ತೋಟದ ಮೇಲೆ ಮನೆ, ಮನೆಯ ಮೇಲೆ ಗುಡ್ಡ. ಗುಡ್ಡದಲ್ಲಿ ಈಗ ಹೆಚ್ಚಿನ ಕಡೆ ರಬ್ಬರು, ಉಳಿದ ಕಡೆ ಕಾಡುಮರ. ಇಲ್ಲಿ ಎಂತ ಚಳಿ ಎಂದು ಮಡಿಕೇರಿಯ ನೆಂಟರು ಕೇಳುತ್ತಾರೆ. ಅವರ ಊರು ನಮಗಿಂತ ಸುಮಾರು 1,000 ಮೀಟರ್ ಮೇಲಿದೆ. ಅಷ್ಟು ಎತ್ತರಕ್ಕೆ ಆರರಿಂದ ಆರೂವರೆ ಡಿಗ್ರಿ ಉಷ್ಣತೆ ಇಳಿಯುತ್ತದೆ ಎನ್ನುವುದು ವಾಡಿಕೆಯ ಲೆಕ್ಕ. ಅವರ ಮಾತು ಸರಿ, ಗೋಡೆಯೊಳಗೆ ಮಲಗುವವರಿಗೆ. ಮರಕ್ಕೆ ಕಟ್ಟಿದ ಬಟ್ಟೆಯಲ್ಲಿ ಮಲಗುವವನಿಗೆ ನಮ್ಮ ಊರಿನ 16 ಡಿಗ್ರಿಯೂ ನಡುಗಿಸುವ ಚಳಿಯೇ.

ಡಿಸೆಂಬರ್ ನಡುವಿನಿಂದ ಜನವರಿ ಮುಗಿಯುವ ತನಕ ನಮ್ಮಲ್ಲಿ ಆಕಾಶ ಹೆಚ್ಚಿನ ರಾತ್ರಿ ಬೋಳಾಗಿರುತ್ತದೆ. ಹಗಲು ಕಾದ ನೆಲದ ಬಿಸಿಯನ್ನು ತಡೆದು ನಿಲ್ಲಿಸುವ ಮೋಡ ಇರುವುದಿಲ್ಲ. ನೆಲ ತಣಿಯುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣಿಯುತ್ತದೆ. ತಣಿದ ಗಾಳಿಗೆ ಭಾರ ಹೆಚ್ಚು. ಅದು ನೀರಿನ ಹಾಗೆಯೇ ಇಳಿಜಾರು ಹಿಡಿದು ಹರಿದು ತಗ್ಗಿನಲ್ಲಿ ತುಂಬಿ ನಿಲ್ಲುತ್ತದೆ. ಬೆಳಿಗ್ಗೆ ತೋಡಿನ ಮೇಲೆ ಮಂಜು ಹಾಸಿಕೊಂಡಿರುವುದನ್ನು ನೋಡಿದರೆ ಆ ತಣ್ಣನೆಯ ಕೆರೆ ಎಷ್ಟು ಎತ್ತರಕ್ಕೆ ನಿಂತಿದೆ ಎಂದು ಕಣ್ಣಿಗೇ ಕಾಣುತ್ತದೆ. ಒಂದು ರಾತ್ರಿ ನಾನು ಎರಡು ಥರ್ಮಾಮೀಟರ್ ತೂಗುಹಾಕಿದ್ದೆ, ಒಂದು ತೋಡಿನ ಬದಿಯ ಅಡಿಕೆ ಮರಕ್ಕೆ, ಇನ್ನೊಂದು ಗುಡ್ಡದ ಮಗ್ಗುಲಿನ ಹಲಸಿನ ಮರಕ್ಕೆ. ಬೆಳಗಿನ ಜಾವ ಕೆಳಗಿನದು 15 ಡಿಗ್ರಿ ತೋರಿಸಿತು, ಮೇಲಿನದು 18. ಎರಡರ ನಡುವೆ ನಡೆದರೆ ಐದು ನಿಮಿಷದ ದಾರಿ. ಹಿರಿಯರು ಮನೆಗಳನ್ನು ತಗ್ಗಿನಲ್ಲಿ ಕಟ್ಟದೆ ಗುಡ್ಡದ ಮಗ್ಗುಲಿಗೆ ಕಟ್ಟಿದ್ದಕ್ಕೆ ಮಳೆಗಾಲದ ನೆರೆಯೊಂದೇ ಕಾರಣ ಇರಲಾರದು ಎಂದು ಅವತ್ತು ಅನ್ನಿಸಿತು. ಮೊದಲ ಸಲ ನಾನು ಜೋಲಿ ಕಟ್ಟಿದ್ದದ್ದು ಗುಡ್ಡದ ನೆತ್ತಿಯಲ್ಲಿ, ಘಟ್ಟದಿಂದ ಇಳಿಯುವ ಮೂಡಣ ಗಾಳಿಗೆ ಎದುರಾಗಿ. ಅದೂ ತಪ್ಪೇ. ತಗ್ಗೂ ಬೇಡ, ನೆತ್ತಿಯೂ ಬೇಡ, ನಡುಮಗ್ಗುಲು ಬೇಕು.

ಇನ್ನು ಬೆನ್ನಿನ ವಿಷಯ. ಕಂಬಳಿ, ರಜಾಯಿ ಯಾವುದೂ ತಾನಾಗಿ ಬಿಸಿ ಕೊಡುವುದಿಲ್ಲ. ಎಳೆಗಳ ನಡುವೆ ಅಲುಗದೆ ನಿಂತ ಗಾಳಿ ನಮ್ಮ ಮೈಯ ಬಿಸಿ ಹೊರಗೆ ಹೋಗದಂತೆ ಹಿಡಿಯುತ್ತದೆ, ಅಷ್ಟೆ. ಮೇಲೆ ಹೊದ್ದ ಕಂಬಳಿ ಉಬ್ಬಿಕೊಂಡಿರುತ್ತದೆ, ಆದ್ದರಿಂದ ಅದರಲ್ಲಿ ಗಾಳಿ ಇದೆ. ಮೈಕೆಳಗೆ ಸಿಕ್ಕಿದ ಕಂಬಳಿ ನಮ್ಮ ಭಾರಕ್ಕೆ ಒತ್ತಿಹೋಗಿ ಹಪ್ಪಳದಂತಾಗಿರುತ್ತದೆ, ಅದರಲ್ಲಿ ಗಾಳಿಯೇ ಇಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗಿದರೆ ನಮ್ಮ ಅಡಿಯ ನೆಲವಾದರೂ ಸ್ವಲ್ಪ ಹೊತ್ತಿಗೆ ಬೆಚ್ಚಗಾಗುತ್ತದೆ. ಜೋಲಿಯಲ್ಲಿ ಮೈಯ ಬಿಸಿಗೂ ಹೊರಗಿನ ಗಾಳಿಗೂ ನಡುವೆ ಇರುವುದು ಒಂದು ಪದರ ತೆಳು ಬಟ್ಟೆ. ಗಾಳಿ ಅದರ ಅಡಿಯಿಂದ ಹರಿಯುತ್ತಲೇ ಇರುತ್ತದೆ, ಬೆಚ್ಚಗಾದ ಪದರವನ್ನು ಒಯ್ಯುತ್ತಲೇ ಇರುತ್ತದೆ. ನಮ್ಮ ಚರ್ಮದ ಉಷ್ಣತೆ ಸುಮಾರು 33 ಡಿಗ್ರಿ, ಹೊರಗಿನದು 16. ರಾತ್ರಿಯಿಡೀ ಬೆನ್ನಿನಿಂದ ಬಿಸಿ ಸೋರುತ್ತದೆ. ಇನ್ನೂ ನಾಲ್ಕು ಕಂಬಳಿ ಮೇಲೆ ಹೇರಿದರೂ ಆ ಸೋರಿಕೆ ನಿಲ್ಲುವುದಿಲ್ಲ.

ಇದು ಜೋಲಿಯ ತಪ್ಪಲ್ಲ. ಜೋಲಿ ಹುಟ್ಟಿದ್ದೇ ಸೆಖೆಯ ನಾಡಿನಲ್ಲಿ. 1492ರಲ್ಲಿ ಕೊಲಂಬಸನ ಹಡಗುಗಳು ಕೆರಿಬಿಯನ್ ದ್ವೀಪಗಳಿಗೆ ಮುಟ್ಟಿದಾಗ ಅಲ್ಲಿನ ಟೈನೊ ಜನ ಮರಗಳ ನಡುವೆ ಬಲೆಯಂಥ ಹಾಸಿಗೆ ಕಟ್ಟಿ ಮಲಗುತ್ತಿದ್ದರು. ಅವರ ಮಾತಿನ 'ಹಮಾಕಾ' ಎಂಬ ಶಬ್ದವೇ ಆಮೇಲೆ ಇಂಗ್ಲಿಷಿನಲ್ಲಿ 'ಹ್ಯಾಮಕ್' ಆಯಿತು. ಅಡಿಯಿಂದ ಗಾಳಿಯಾಡುತ್ತದೆ, ಹಾವು ಚೇಳಿನ ಭಯ ಕಡಿಮೆ, ಒದ್ದೆ ನೆಲದ ಗೊಡವೆ ಇಲ್ಲ. ಯುರೋಪಿನ ನಾವಿಕರು ಅದನ್ನು ಹಡಗಿಗೆ ತಂದುಕೊಂಡರು. ಹಡಗು ಎಷ್ಟು ಹೊಯ್ದಾಡಿದರೂ ಅದರಲ್ಲಿ ಮಲಗಿದವನು ಉರುಳಿ ಬೀಳುತ್ತಿರಲಿಲ್ಲ.

ನಮ್ಮ ಕರಾವಳಿಗೂ ಇದು ಹೊಸತಲ್ಲ. 1886ರಲ್ಲಿ ಅಚ್ಚಾದ 'ಹಾಬ್ಸನ್-ಜಾಬ್ಸನ್' ಎಂಬ ದೊಡ್ಡ ಪದಕೋಶದಲ್ಲಿ 'ಮಂಚೀಲ್' ಎಂಬ ಶಬ್ದವಿದೆ. ಪಲ್ಲಕ್ಕಿಯ ಬದಲಿಗೆ ಈ ನೈಋತ್ಯ ಕರಾವಳಿಯಲ್ಲಿ ಬಳಸುತ್ತಿದ್ದ ಜೋಲಿಯಂಥ ವಾಹನ ಎಂದು ಅದರ ಅರ್ಥ ಕೊಟ್ಟಿದ್ದಾರೆ, 'ಮಂಚ'ದಿಂದ ಬಂದ ಮಾತು ಎಂದೂ ಹೇಳಿದ್ದಾರೆ. ಆ ಕೋಶವನ್ನು ಮಾಡಿದ ಇಬ್ಬರಲ್ಲಿ ಒಬ್ಬರಾದ ಬರ್ನೆಲ್ ಮಂಗಳೂರಿನಲ್ಲಿ ಅಧಿಕಾರಿಯಾಗಿದ್ದವರು, ತುಳುವರ ಭೂತಾರಾಧನೆಯ ಬಗ್ಗೆ ಬರೆದವರು. ಸಾಹೇಬರ ಮಂಚೀಲು ಹೋಯಿತು, ಬಡವರ ಜೋಲಿ ಉಳಿಯಿತು. ಹೊಳೆಗೆ ಸೇತುವೆ ಇಲ್ಲದ, ವಾಹನ ಬಾರದ ಊರುಗಳಿಂದ ಬಾಣಂತಿಯರನ್ನು, ಹಾವು ಕಚ್ಚಿದವರನ್ನು ಕಂಬಳಿಯ ಜೋಲಿ ಮಾಡಿ, ಬಿದಿರಿಗೆ ಕಟ್ಟಿ, ಇಬ್ಬರು ಹೆಗಲು ಕೊಟ್ಟು ಹೊತ್ತು ತಂದದ್ದನ್ನು ನೋಡಿದವರು ನಮ್ಮ ನಡುವೆ ಇನ್ನೂ ಇದ್ದಾರೆ. ಜೋಲಿ ಎಂದರೆ ರಜೆಯ ಮೋಜು ಎಂದು ಯಾರಾದರೂ ಹೇಳಿದರೆ ನನಗೆ ಒಪ್ಪಲಿಕ್ಕೆ ಆಗುವುದಿಲ್ಲ. ಹುಟ್ಟಿದ ಕೂಡಲೇ ನಾವೆಲ್ಲ ಮಲಗಿದ್ದು ಅದರಲ್ಲಿ, ಜೀವ ಉಳಿಸಿಕೊಳ್ಳಲಿಕ್ಕೆ ಘಟ್ಟದ ಜನ ನಂಬಿದ್ದೂ ಅದನ್ನೇ.

ಅಜ್ಜಿಯ ಮಾತು ಹಿಡಿದು ಎರಡನೆಯ ಸಲ ಅಡಿಗೆ ಹಾಸಿಕೊಂಡು ಹೋದೆ. ಮೊದಲು ಹಾಸಿದ್ದು ಅಗಲದ ಅಡಿಕೆ ಹಾಳೆ, ನಾಲ್ಕು. ಗಾಳಿಯನ್ನು ಚೆನ್ನಾಗಿ ತಡೆಯಿತು, ಆದರೆ ಮಗ್ಗುಲಾದಾಗಲೆಲ್ಲ ಕರಕರ ಸದ್ದು, ಅಂಚು ಪಕ್ಕೆಗೆ ಒತ್ತುತ್ತಿತ್ತು. ಆಮೇಲೆ ಸ್ಪಂಜಿನ ಚಾಪೆ. ಅದು ಒತ್ತಿದರೂ ಚಪ್ಪಟೆಯಾಗುವುದಿಲ್ಲ, ಆದ್ದರಿಂದ ಬೆನ್ನು ಬೆಚ್ಚಗಿರುತ್ತದೆ. ಹೊರಳಿದರೆ ಮಾತ್ರ ಅದು ಒಂದು ಕಡೆ, ನಾವು ಒಂದು ಕಡೆ. ಕೊನೆಗೆ ಸರಿಯಾದದ್ದು ಅಡಿಹೊದಿಕೆ. ಇದನ್ನು ಮೈಕೆಳಗೆ ಹಾಸುವುದಲ್ಲ, ಜೋಲಿಯ ಹೊರಗೆ ಅಡಿಗೆ ತೂಗುಹಾಕುವುದು. ನಮ್ಮ ಭಾರ ಅದರ ಮೇಲೆ ಬೀಳಬಾರದು, ಹಾಗಾಗಿ ಅದು ಉಬ್ಬಿಕೊಂಡೇ ಇರುತ್ತದೆ. ನಾನು ಎರಡು ಪದರ ನೈಲಾನ್ ಬಟ್ಟೆಯ ನಡುವೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಹರಡಿ, ಅದು ಒಂದೇ ಕಡೆ ಸೇರದ ಹಾಗೆ ಗೇಣು ಗೇಣಿಗೆ ಹೊಲಿಗೆ ಹಾಕಿಸಿ, ನಾಲ್ಕು ಅಂಚಿಗೂ ರಬ್ಬರ್ ದಾರ ಪೋಣಿಸಿದೆ. ತಲೆಯ ಕಡೆ, ಕಾಲಿನ ಕಡೆ ದಾರ ಎಳೆದು ಬಿಗಿ ಮಾಡಬೇಕು. ಜೋಲಿಗೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಬಿರುಕು ಉಳಿದರೂ ಗಾಳಿ ಅಲ್ಲಿಂದ ನುಗ್ಗುತ್ತದೆ. ತೀರಾ ಬಿಗಿಯಾದರೆ ಹತ್ತಿ ಒತ್ತಿಹೋಗಿ ಮತ್ತೆ ಮೊದಲಿನ ಕಥೆ. ಕೈ ಆಡಿಸಿ ನೋಡಿ ಹದ ಮಾಡಿಕೊಳ್ಳಬೇಕು. ಹತ್ತಿಯ ಹಳೇ ರಜಾಯಿಯನ್ನು ಹೀಗೆ ಕಟ್ಟಬಹುದು, ಆದರೆ ಹತ್ತಿ ಇಬ್ಬನಿ ಕುಡಿದರೆ ಬೆಳಗಿನ ತನಕ ಒಣಗುವುದಿಲ್ಲ. ಉಣ್ಣೆಯ ಕಂಬಳಿಗೆ ಆ ದೋಷ ಕಡಿಮೆ.

ಕಟ್ಟುವ ಮರ ಯಾವುದು ಎಂದು ಕೇಳುವವರಿದ್ದಾರೆ. ಅಡಿಕೆ ಮರ ಆಗದು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಜೋಲಿಗೆ ಜಾಗವೂ ಸಾಲದು, ತೆಳ್ಳನೆಯ ಮರ ಭಾರಕ್ಕೆ ಬಳುಕುತ್ತದೆ. ತೆಂಗಿನ ಮರದ ಅಡಿಯಲ್ಲಿ ರಾತ್ರಿ ಮಲಗುವ ಮಾತೇ ಬೇಡ. ರಬ್ಬರ್ ಮರ ಗಾಳಿಗೆ ಬೇಗ ಮುರಿಯುತ್ತದೆ, ತೊಗಟೆಗೆ ಹಗ್ಗ ಉಜ್ಜಿದರೆ ಟ್ಯಾಪಿಂಗಿನವರಿಗೂ ನಷ್ಟ. ನನ್ನ ಜೋಲಿಗೆ ಒಂದು ಕಡೆ ಕಾಟು ಮಾವು, ಇನ್ನೊಂದು ಕಡೆ ಹಲಸು. ನಡುವೆ ಹದಿನಾಲ್ಕು ಅಡಿ. ಹಗಲು ಹೋಗಿ ತಲೆಯೆತ್ತಿ ನೋಡಬೇಕು, ಒಣಗಿದ ಕೊಂಬೆ ಇದೆಯೇ, ಜೇನು ಕಟ್ಟಿದೆಯೇ, ಎಲೆ ಹೊಲಿದು ಗೂಡು ಮಾಡುವ ಕೆಂಪಿರುವೆ ಇದೆಯೇ ಎಂದು. ಚೇರೆ ಮರದ ಹತ್ತಿರವೂ ಸುಳಿಯಬಾರದು. ಅದರ ಸೊನೆ ತಾಗಿ ಮೈ ಬಾತು ಹುಣ್ಣಾದವರನ್ನು ನಮ್ಮಲ್ಲಿ ಎಲ್ಲರೂ ಕಂಡಿದ್ದಾರೆ.

ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಗಟ್ಟಿ ಎಂದು ನಾನೂ ನಂಬಿದ್ದೆ. ನಿಜ ತದ್ವಿರುದ್ಧ. ಹಗ್ಗ ಅಡ್ಡಕ್ಕೆ 30 ಡಿಗ್ರಿ ಇಳುಕಲಾಗಿದ್ದರೆ 60 ಕಿಲೋ ತೂಕದ ಮನುಷ್ಯನಿಗೆ ಒಂದೊಂದು ಮರದ ಮೇಲೂ 60 ಕಿಲೋದ ಎಳೆತ ಬೀಳುತ್ತದೆ. ಹತ್ತೇ ಡಿಗ್ರಿ ಇಳುಕಲಿಟ್ಟು ಬಿಗಿದರೆ ಅದೇ ಎಳೆತ 170 ಕಿಲೋ ದಾಟುತ್ತದೆ. ಹಗ್ಗ ಹರಿಯುವುದು, ಗಂಟು ಜಾರುವುದು ಆಗಲೇ. ಬಟ್ಟೆಯೂ ದೋಣಿಯ ಹಾಗೆ ಮಡಚಿ ಭುಜ ಹಿಸುಕುತ್ತದೆ. ಸಡಿಲವಾಗಿ ಕಟ್ಟಿ ಓರೆಯಾಗಿ ಮಲಗಬೇಕು, ತಲೆ ಒಂದು ಬದಿಗೆ, ಕಾಲು ಇನ್ನೊಂದು ಬದಿಗೆ. ಆಗ ಬೆನ್ನು ಹೆಚ್ಚುಕಡಿಮೆ ಸಪಾಟಾಗುತ್ತದೆ. ಹನ್ನೊಂದು ಅಡಿ ಉದ್ದದ ಬಟ್ಟೆ ಇದ್ದರೆ ಇದು ಸಾಧ್ಯ. ಮರಕ್ಕೆ ಸುತ್ತಲಿಕ್ಕೆ ಎರಡು ಬೆರಳಗಲದ ಪಟ್ಟಿ ಇರಲಿ, ಸಪುರ ಹಗ್ಗ ತೊಗಟೆಯನ್ನು ಕೊಯ್ಯುತ್ತದೆ. ಜೋಲಿಯಲ್ಲಿ ಕೂತಾಗ ಪಾದ ನೆಲಕ್ಕೆ ಊರುವಷ್ಟೇ ಎತ್ತರ ಸಾಕು.

ಮಳೆ ಇಲ್ಲದ ತಿಂಗಳಲ್ಲಿ ಟರ್ಪಾಲು ಯಾಕೆ ಎಂದು ಮೊದಲ ರಾತ್ರಿ ಬಿಟ್ಟುಹೋಗಿದ್ದೆ. ಎರಡು ಗಂಟೆಯ ಮೇಲೆ ಮರಗಳೆಲ್ಲ ತೊಟ್ಟಿಕ್ಕಲು ಶುರುಮಾಡಿದವು, ಮಳೆ ಬಂತೆಂದೇ ಎಣಿಸಿದೆ. ಎಲೆಯಿಂದ ಎಲೆಗೆ ಇಳಿಯುವ ಇಬ್ಬನಿ ಅದು. ಟರ್ಪಾಲು ಇಬ್ಬನಿಯನ್ನೂ ತಡೆಯುತ್ತದೆ, ಬೋಳು ಆಕಾಶಕ್ಕೆ ಮೈಯ ಬಿಸಿ ಹೋಗುವುದನ್ನೂ ತಡೆಯುತ್ತದೆ. ಅದರ ಮೂಡಣ ಅಂಚನ್ನು ತಗ್ಗಿಸಿ ಕಟ್ಟಿದರೆ ಘಟ್ಟದ ಗಾಳಿಗೂ ಅಡ್ಡವಾಯಿತು. ಕಂಬಳಿಯನ್ನು ಮುಖದ ಮೇಲೆ ಎಳೆದುಕೊಳ್ಳುವ ಅಭ್ಯಾಸ ಇರುವವರು ಅದನ್ನು ಬಿಡಬೇಕು, ಉಸಿರಿನ ನೀರು ಕಂಬಳಿಯನ್ನು ಒಳಗಿನಿಂದಲೇ ಒದ್ದೆ ಮಾಡುತ್ತದೆ. ತಲೆಗೆ ಉಣ್ಣೆ ಟೊಪ್ಪಿ, ಕಾಲಿಗೆ ಒಣ ಕಾಲುಚೀಲ. ಮಲಗುವ ಮೊದಲು ಬೆಲ್ಲ, ನೆಲಗಡಲೆ ತಿನ್ನಬೇಕು, ಅರಗುವ ಅನ್ನವೇ ಮೈಗೆ ಸೌದೆ. ಬಿಸಿನೀರು ತುಂಬಿದ ಸ್ಟೀಲ್ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ನಡುವೆ ಇಟ್ಟುಕೊಂಡರೆ ಮೂರು ನಾಲ್ಕು ಗಂಟೆ ಹಿತವಾಗಿರುತ್ತದೆ. ಕೆಂಡದ ಮಡಕೆಯನ್ನು ಟರ್ಪಾಲಿನ ಅಡಿಗೆ ಒಯ್ಯುವ ಯೋಚನೆ ಯಾರಿಗೂ ಬಾರದಿರಲಿ. ಗಾಳಿ ಕಟ್ಟಿದಲ್ಲಿ ಕೆಂಡದಿಂದ ಬರುವ ವಿಷಾನಿಲಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಅಡಿಗೆ ಒಣಗಿದ ತರಗೆಲೆ, ಮೇಲೆ ನೈಲಾನ್ ಬಟ್ಟೆ ಬೇರೆ. ಮದ್ಯ ಕುಡಿದರೆ ಬೆಚ್ಚಗಾಗುತ್ತದೆ ಎನ್ನುವುದೂ ಸುಳ್ಳು. ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಬಿಸಿ ಇನ್ನಷ್ಟು ಬೇಗ ಹೊರಗೆ ಹೋಗುತ್ತದೆ.

ಬೆನ್ನಿನ ಚಳಿಗೆ ಉಪಾಯ ಸಿಕ್ಕಿದ ಮೇಲೆ ಉಳಿದದ್ದು ಒಂಟಿತನ. ಅದಕ್ಕೆ ಹೊಲಿದು ತರುವಂಥದ್ದು ಏನೂ ಇಲ್ಲ. ನೆರೆಮನೆಯ ದೊಡ್ಡಪ್ಪ ಮೊದಲ ಸಲ ಕೇಳಿದಾಗ, "ಎಂತ ಮಾರಾಯ, ಮನೆಯಲ್ಲಿ ಮಂಚ ಇಲ್ವಾ ನಿಂಗೆ?" ಎಂದಿದ್ದರು. ಅವರು ಪ್ರಾಯದಲ್ಲಿ ಗದ್ದೆಯ ಮಾಳದಲ್ಲಿ ಹಂದಿ ಕಾದವರು. ಬೆಳೆ ಕಾಯುವುದಕ್ಕೆ ಹೊರಗೆ ಮಲಗುವುದು ಅವರಿಗೆ ಅರ್ಥವಾಗುತ್ತದೆ, ಸುಮ್ಮನೆ ಮಲಗುವುದು ಆಗುವುದಿಲ್ಲ. ನಾನು ಅವರ ಹತ್ತಿರ ಕೂತು ರಾತ್ರಿಯ ಸದ್ದುಗಳನ್ನು ಕೇಳಿ ತಿಳಿದುಕೊಂಡೆ. ಧೊಪ್ಪನೆ ಬಿದ್ದದ್ದು ಹಾಳೆ ಸಮೇತ ಕಳಚಿದ ಅಡಿಕೆ ಸೋಗೆ. ಒಂದೇ ಸಮನೆ ಟೊಕ್ ಟೊಕ್ ಎನ್ನುವುದು ನತ್ತಿಂಗ ಹಕ್ಕಿ. ತರಗೆಲೆಯ ಮೇಲೆ ಎರಡು ಹೆಜ್ಜೆ ಇಟ್ಟು ನಿಂತು, ಮತ್ತೆ ಎರಡು ಹೆಜ್ಜೆ ಇಡುವುದು ಬರಿಂಕ, ಮೊಲಕ್ಕಿಂತ ತುಸು ದೊಡ್ಡದಾದ ನಮ್ಮ ಪುಟ್ಟ ಜಿಂಕೆ. ಇಡೀ ಗುಂಪು ಒಟ್ಟಿಗೆ ನೆಲ ಒಕ್ಕುತ್ತಾ ಬಂದರೆ ಹಂದಿ. ಹೆಸರು ಗೊತ್ತಿಲ್ಲದ ಸದ್ದು ಹೆದರಿಸುತ್ತದೆ. ಹೆಸರು ಗೊತ್ತಾದರೆ ಅದು ನೆರೆಕರೆಯವರ ಹಾಗೆ. ಒಮ್ಮೆ ಜನವರಿಯ ರಾತ್ರಿ ಎಲ್ಲೋ ದೂರದಿಂದ ಯಕ್ಷಗಾನದ ಚೆಂಡೆ ಕೇಳುತ್ತಿತ್ತು. ಗಾಳಿ ತಿರುಗಿದಾಗ ಹತ್ತಿರ, ಮತ್ತೆ ದೂರ. ಆಟ ಯಾವುದೆಂದು ಗೊತ್ತಾಗದಿದ್ದರೂ ಒಬ್ಬನೇ ಇದ್ದೇನೆ ಎಂದು ಅನ್ನಿಸಲಿಲ್ಲ. ಬೆಳಗಿನ ಜಾವ ಧನುಪೂಜೆಯ ಗಂಟೆ, ಅದರ ಹಿಂದೆಯೇ ಕಾಜಾಣ, ಬೆಳಕು ಹರಿದ ಮೇಲೆ ಕುಟ್ರ ಹಕ್ಕಿಯ ಕುಟ್ರೂ ಕುಟ್ರೂ. ಅಷ್ಟು ಹೊತ್ತಿಗೆ ಏಳುವವನ ಬೆನ್ನು ಬೆಚ್ಚಗೆ ಇರುವುದು ಎಂಥ ಸುಖ ಎಂದು ಮಾತಿನಲ್ಲಿ ಹೇಳುವುದು ಕಷ್ಟ.

ಆದರೆ ಹೆಸರು ಗೊತ್ತಿದ್ದೂ ಹೆದರಲೇಬೇಕಾದವು ಇವೆ. ಸುಳ್ಯದ ಕಾಡಂಚಿನ ಊರುಗಳಲ್ಲಿ ಆನೆ ತೋಟಕ್ಕೆ ಇಳಿಯುವುದು ಈಗ ಅಪರೂಪದ ಸುದ್ದಿಯಲ್ಲ. ಲದ್ದಿ, ಮುರಿದ ಬಾಳೆ, ಬೈನೆ ಮರದ ಸಿಪ್ಪೆ ಕಂಡ ಜಾಗದಲ್ಲಿ, ಊರಿನಲ್ಲಿ ಆನೆ ಇದೆಯೆಂದು ಮಾತು ಕೇಳಿದ ವಾರದಲ್ಲಿ, ಜೋಲಿ ಕಟ್ಟಲೇಬಾರದು. ನೆಲದ ಮೇಲೆ ಓಡಬಲ್ಲವನಿಗೂ ಆನೆಯ ಎದುರು ಸಮಯ ಸಾಲುವುದಿಲ್ಲ, ಬಟ್ಟೆಯೊಳಗೆ ಸಿಕ್ಕಿಕೊಂಡವನ ಗತಿ ಹೇಳಬೇಕಾಗಿಲ್ಲ. ಇನ್ನೊಂದು ಉಣ್ಣಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದ, ಅದರ ಕಾಲವೂ ಡಿಸೆಂಬರಿನಿಂದ ಮೇ ತಿಂಗಳ ತನಕ. 1980ರ ದಶಕದಲ್ಲಿ ನಮ್ಮದೇ ಜಿಲ್ಲೆಯ ಬೆಳ್ತಂಗಡಿ ಕಡೆ ಅದು ಬಹಳ ಜೀವ ತೆಗೆದಿದೆ. ತರಗೆಲೆಯ ಮೇಲೆ ಕೂರಬೇಡಿ, ಬೆಳಿಗ್ಗೆ ಬಿಸಿನೀರಲ್ಲಿ ಮಿಂದು ಮೈಯೆಲ್ಲ ನೋಡಿಕೊಳ್ಳಿ, ಎಲ್ಲಾದರೂ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಕುಮಾರ ಪರ್ವತಕ್ಕೆ ಹೋಗಿ ಮಲಗಬೇಕು ಎನ್ನುವ ಹುಡುಗರು ನನಗೆ ಆಗಾಗ ಸಿಗುತ್ತಾರೆ. 1,712 ಮೀಟರಿನ ಆ ಶಿಖರ ಪುಷ್ಪಗಿರಿ ವನ್ಯಜೀವಿಧಾಮದೊಳಗೆ ಇದೆ. ಅಲ್ಲಿ ಚಾರಣಕ್ಕೇ ಅರಣ್ಯ ಇಲಾಖೆಯ ಅನುಮತಿ ಬೇಕು. ತಮಗೆ ತೋಚಿದಲ್ಲಿ ಜೋಲಿ ಕಟ್ಟುವ ಹಾಗಿಲ್ಲ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿನ ಮಾತು ಒಂದು ಕಡೆ ಇರಲಿ, ಆ ಎತ್ತರದಲ್ಲಿ ಚಳಿಯೂ ಗಾಳಿಯೂ ನಮ್ಮ ಊರಿನದಕ್ಕಿಂತ ಬಹಳ ಕಠಿಣ. ನನ್ನ ಹಾಗೆ ಎರಡೂವರೆ ಗಂಟೆಗೆ ಸೋತರೆ ಅಲ್ಲಿ ಇಳಿದು ಹೋಗಲಿಕ್ಕೆ ಅಜ್ಜಿಯ ಬಚ್ಚಲೊಲೆ ಇರುವುದಿಲ್ಲ. ಮೈ ನಡುಗುವುದು ತಾನಾಗಿ ನಿಂತು, ಮಾತು ತೊದಲಿ, ಗಂಟು ಬಿಚ್ಚಲಿಕ್ಕೂ ಬೆರಳು ಬಾರದ ಸ್ಥಿತಿಗೆ ಒಬ್ಬನೇ ಇರುವವನು ಮುಟ್ಟಬಾರದು. ನಡುಕ ಶುರುವಾದಾಗಲೇ ಎದ್ದು ನಡೆಯಬೇಕು.

ಕೇಳುಗರಲ್ಲಿ ಎಳೆಯರು ಇದ್ದರೆ ಅವರಿಗೆ ನನ್ನದೊಂದು ಬಿನ್ನಹ. ಮೊದಲ ರಾತ್ರಿಯನ್ನು ನಿಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ನಿಮ್ಮದೇ ಜಾಗದ ಎರಡು ಗಟ್ಟಿ ಮರಗಳ ನಡುವೆ ಕಳೆಯಿರಿ. ಎಲ್ಲಿ ಕಟ್ಟಿದ್ದೀರಿ ಎಂದು ಮನೆಯವರಿಗೆ ಹಗಲೇ ಕರೆದೊಯ್ದು ತೋರಿಸಿ. ಗುಡ್ಡದ ಮರೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗದಿರಬಹುದು, ಕೊರಳಿಗೆ ಒಂದು ಸೀಟಿ ಇರಲಿ. ಬೆನ್ನ ಕೆಳಗೆ ಹೊದಿಕೆ ಕಟ್ಟದೆ ಜೋಲಿ ಹತ್ತಬೇಡಿ. ಬಾಗಿಲ ಅಗಳಿ ಹಾಕಬಾರದೆಂದು, ಒಲೆಯ ಕೆಂಡವನ್ನು ಬೂದಿ ಮುಚ್ಚಿ ಉಳಿಸಬೇಕೆಂದು ಮನೆಯಲ್ಲಿ ಹೇಳಿಯೇ ಹೊರಡಿ.